ನಾಯಿಗಳ ಜಾಗ ಭರ್ತಿ

ಕೊಕ್ಕರೆ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಬೀದಿಯಲ್ಲಿ ಯಾರೂ ಇಲ್ಲ. ಸರಕ್ಕನೆ ಬೋರ್ಡನ್ನು ತಿರುಗಿಸಿ, ಏನೂ ಮಾಡದವಳ ಹಾಗೆ ಒಳಗೆ ಬಂದು, ತನ್ನ ಮೂಲೆ ಮೇಜಿನ ಮುಂದೆ ಕೂತು ಗಣಿತದ ಪುಸ್ತಕ ತೆರೆದಳು.

ಪುಸ್ತಕ ತಲೆಕೆಳಗಾಗಿತ್ತು. ಅದು ಅವಳಿಗೆ ಗೊತ್ತಾಗಿದ್ದು ಐದು ನಿಮಿಷ ಬಿಟ್ಟು.

ಕೊಕ್ಕರೆ ಅಂದರೆ ಹಕ್ಕಿಯಲ್ಲ, ಐದನೇ ಕ್ಲಾಸಿನ ಹುಡುಗಿ. ವಯಸ್ಸು ಹತ್ತು, ಕಾಲು ಮಾತ್ರ ಹದಿನೈದರದ್ದು. ಕ್ಲಾಸಿನವರು ಇಟ್ಟ ಹೆಸರು ಅವಳ ಹಿಂದೆಯೇ ಮನೆಗೂ ಬಂತು. ಈಗ ಅಮ್ಮನೂ ಹಾಗೇ ಕರೆಯುತ್ತಾಳೆ.

ಅಮ್ಮನದೊಂದು ಪುಟ್ಟ ಹೋಟೆಲು. ಏಳು ಮೇಜು, ಹಿಂದೆ ಅಡುಗೆಮನೆ, ಮುಂದೆ ಎರಡು ಮೆಟ್ಟಿಲು. ಸೂಪು, ಆಮ್ಲೆಟ್ಟು, ಬನ್ನು, ಹಣ್ಣಿನ ಜ್ಯೂಸು ಸಿಗುತ್ತದೆ. ಬೆಳಿಗ್ಗೆ ಕೂರಲು ಜಾಗವಿರುವುದಿಲ್ಲ. ಆದರೆ ಮುಂದಿನ ರಸ್ತೆಯಲ್ಲಿ ಹೊಸ ಕೆಫೆ ಶುರುವಾದ ಮೇಲೆ ಸಂಜೆ ಹೊತ್ತು ನೊಣ ಹೊಡೆಯುತ್ತಾ ಕೂರುವ ಹಾಗಾಗಿತ್ತು.

ಆಗ ಅಮ್ಮನಿಗೊಂದು ಉಪಾಯ ಹೊಳೆಯಿತು. ಹೋಟೆಲಿನ ಎದುರಿಗೇ ಪಾರ್ಕು. ಸಂಜೆಯಾದರೆ ಸಾಕು, ಅರ್ಧ ಬಡಾವಣೆ ನಾಯಿ ಹಿಡಿದುಕೊಂಡು ಅಲ್ಲಿಗೆ ಬರುತ್ತದೆ. ಆದರೆ ನಾಯಿಯ ಜೊತೆ ಕೂತು ಒಂದು ಲೋಟ ಕಾಫಿ ಕುಡಿಯೋಣವೆಂದರೆ ಇಡೀ ಬಡಾವಣೆಯಲ್ಲಿ ಒಂದಾದರೂ ಜಾಗ ಬೇಡವೇ? ಹೊಸ ಕೆಫೆಯ ಬಾಗಿಲಲ್ಲಿ ನಾಯಿಯ ಚಿತ್ರ, ಅದರ ಮೇಲೊಂದು ಕೆಂಪು ಗೀಟು. ಬೇಕರಿಯವನು ಮಾತೇ ಆಡುವುದಿಲ್ಲ, ಪೊರಕೆ ತೋರಿಸುತ್ತಾನೆ. ಐಸ್‌ಕ್ರೀಮ್ ಅಂಗಡಿಯಾಕೆ ಕೈಚೀಲದಲ್ಲಿ ಹಿಡಿಸುವ ನಾಯಿಯಾದರೆ ಪರವಾಗಿಲ್ಲ ಅನ್ನುತ್ತಾಳೆ. ಹಾಗಾಗಿ ಜನ ನಾಯಿಯನ್ನು ಕಂಬಕ್ಕೆ ಕಟ್ಟಿ, ಒಂದು ಕಣ್ಣು ಅದರ ಮೇಲೆ, ಇನ್ನೊಂದು ಲೋಟದ ಮೇಲೆ ಇಟ್ಟು, ಬಾಯಿ ಸುಟ್ಟುಕೊಂಡು ಹೋಗುತ್ತಿದ್ದರು.

"ನಾವು ಒಳಗೆ ಬಿಟ್ಕೊಳ್ಳೋಣ," ಅಂದಳು ಅಮ್ಮ.

ಒಂದು ಸಲಕ್ಕೆ ಎರಡೇ ನಾಯಿ ಅಂತ ರೂಲು. ಮೂರನೆಯದು ಬಂದರೆ ಕಿತ್ತಾಟ ಖಂಡಿತ. ಅದಕ್ಕೆಂದೇ ಎರಡು ಮುಖದ ಬೋರ್ಡು ಮಾಡಿಸಿ ಮೆಟ್ಟಿಲ ಪಕ್ಕ ಫುಟ್‌ಪಾತಿನಲ್ಲಿ ನಿಲ್ಲಿಸಿದಳು. ಒಂದು ಕಡೆ 'ನಾಯಿಗಳಿಗೂ ಸ್ವಾಗತ'. ಇನ್ನೊಂದು ಕಡೆ 'ನಾಯಿಗಳ ಜಾಗ ಭರ್ತಿ. ಕ್ಷಮಿಸಿ'. ಅಕ್ಷರ ದುಂಡಗಿದೆಯೆಂದು ಬರೆದವಳೂ ಕೊಕ್ಕರೆಯೇ. ಶಾಲೆಯಿಂದ ಬಂದ ಮೇಲೆ ಒಳಗಿರುವ ನಾಯಿ ಎಣಿಸಿ ಬೋರ್ಡು ತಿರುಗಿಸುವ ಡ್ಯೂಟಿಯೂ ಅವಳದೇ.

ನಾಯಿ ಕಂಡರೆ ಕೊಕ್ಕರೆಗೆ ಜೀವ ಬಾಯಿಗೆ ಬರುತ್ತದೆಂದು ಅಮ್ಮನಿಗೆ ಗೊತ್ತಿರಲಿಲ್ಲ.

ಗೊತ್ತಾಗುವುದಾದರೂ ಹೇಗೆ? ಒಂದನೇ ಕ್ಲಾಸಿನಲ್ಲಿದ್ದಾಗ ಒಂದು ನಾಯಿ ಅವಳನ್ನು ಅಟ್ಟಿಸಿಕೊಂಡು ಬಂದು ಫ್ರಾಕಿನ ಅಂಚು ಹಿಡಿದು ಎಳೆದಿತ್ತು. ಹೊಸ ಫ್ರಾಕು, ಚರ್ರೆಂದು ಹರಿಯಿತು. ಆ ಬೀದಿಗೆ ಹೋಗಬೇಡ ಅಂತ ಅಮ್ಮ ಮೊದಲೇ ಹೇಳಿದ್ದಳಲ್ಲ, ಬೈಗುಳ ತಪ್ಪಿಸಿಕೊಳ್ಳಲು ಬೇಲಿಗೆ ಸಿಕ್ಕಿ ಹರಿಯಿತು ಅಂದುಬಿಟ್ಟಳು. ಆಮೇಲೆ ನಿಜ ಹೇಳುವ ಸಂದರ್ಭವೇ ಬರಲಿಲ್ಲ. ಈಗಂತೂ ಅಮ್ಮ ಹಾಡು ಗುನುಗುತ್ತಾ ನಾಯಿಗೆಂದು ಸ್ಟೀಲಿನ ಬಟ್ಟಲು ತೊಳೆಯುತ್ತಿದ್ದಾಳೆ. ಹೇಳಲು ಬಾಯಿ ಬಂದೀತೇ?

ಮೊದಲ ದಿನವೇ ಬಂದವರು ಡ್ರೈವರ್ ತಾತ. ನಲವತ್ತು ವರ್ಷ ಸಿಟಿ ಬಸ್ ಓಡಿಸಿ ರಿಟೈರ್ ಆದವರು. ಅವರ ನಾಯಿ ಕಂದು ಬಣ್ಣದ್ದು, ಕರುವಿನಷ್ಟು ಎತ್ತರ, ಮೂತಿಯೆಲ್ಲ ನರೆತಿದೆ. ಅದರ ಹೆಸರು ಕಂಡಕ್ಟರ್. "ನಾನು ಡ್ರೈವರು, ಇವನು ಕಂಡಕ್ಟರು. ಇವನು ರೈಟ್ ಅಂದ್ರೇನೇ ನನ್ನ ಗಾಡಿ ಮುಂದಕ್ಕೆ ಹೋಗೋದು," ಅಂತ ತಾತ ಎಲ್ಲರಿಗೂ ಹೇಳುತ್ತಿದ್ದರು.

ದಿನಾ ನಾಲ್ಕು ಗಂಟೆಗೆ ಸರಿಯಾಗಿ ಇಬ್ಬರೂ ಹಾಜರು. ಕೂರುವುದು ಕೊಕ್ಕರೆಯ ಪಕ್ಕದ ಮೇಜಿನಲ್ಲೇ. ಕಂಡಕ್ಟರ್ ಮೇಜಿನಡಿಗೆ ನುಗ್ಗಿ ಮಲಗಿದರೆ ಅದರ ಬಾಲ ಕೊಕ್ಕರೆಯ ಕಡೆಗೆ ಬರುತ್ತಿತ್ತು. ಅವಳು ಉದ್ದ ಕಾಲೆರಡನ್ನೂ ಮಡಚಿ ಕುರ್ಚಿಯ ಮೇಲಿಟ್ಟುಕೊಂಡು, ಮಂಡಿಯ ಮೇಲೆ ಗಲ್ಲ ಊರಿ ಹೋಂವರ್ಕ್ ಮಾಡುತ್ತಿದ್ದಳು. ಒಂದು ದಿನ ಮರೆತು ಕಾಲು ಇಳಿಬಿಟ್ಟಾಗ ತಣ್ಣನೆಯ ಒದ್ದೆ ಮೂಗೊಂದು ಪಾದಕ್ಕೆ ತಾಗಿತು. ಕಿರುಚುವುದನ್ನು ಹೇಗೋ ನುಂಗಿಕೊಂಡಳು, ಪೆನ್ಸಿಲ್ಲಿನ ಮೊನೆ ಮುರಿದುಹೋಯಿತು.

ಮಾರನೆಯ ದಿನವೇ ಅವಳು ಬೋರ್ಡು ತಿರುಗಿಸಿದ್ದು. ಒಳಗೆ ಒಂದು ನಾಯಿಯೂ ಇರಲಿಲ್ಲ.

ಮೂರೂವರೆಗೆಲ್ಲ ಅಡುಗೆಮನೆ ಹೊಕ್ಕರೆ ಅಮ್ಮ ಬೀದಿಗೆ ಬರುವುದೇ ಇಲ್ಲ. ಮುಚ್ಚುವ ಹೊತ್ತಿಗೆ ಬೋರ್ಡು ಒಳಗೆ ತರುವವಳೂ ಕೊಕ್ಕರೆಯೇ. ಸಿಕ್ಕಿಬೀಳುವ ಮಾತೇ ಇಲ್ಲ. ಡ್ರೈವರ್ ತಾತ ಬಂದರು, ಕಣ್ಣು ಕಿರಿದು ಮಾಡಿ ಬೋರ್ಡು ಓದಿದರು, ಗಾಜಿನ ಬಾಗಿಲಿನಿಂದ ಒಳಗೆ ಇಣುಕಿದರು, ಕಂಡಕ್ಟರನ ಹಗ್ಗ ಎಳೆದುಕೊಂಡು ಹೊರಟುಹೋದರು. ಕೊಕ್ಕರೆ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಿದ್ದಳು. ಆಮೇಲೆ ಹಾಯಾಗಿ ಕಾಲು ಚಾಚಿ ಕೂತಳು. ಆದರೆ ಅವತ್ತು ಮಾಡಿದ ಆರು ಲೆಕ್ಕದಲ್ಲಿ ಐದು ತಪ್ಪು.

ಇವತ್ತಿಗೆ ಇದು ನಾಲ್ಕನೇ ದಿನ.

ಪುಸ್ತಕ ಸರಿ ಮಾಡಿಕೊಂಡಳು. ನಾಲ್ಕಕ್ಕೆ ತಾತ ಇವತ್ತೂ ಬಂದು ಬೋರ್ಡು ಓದಿ ವಾಪಸ್ ಹೋದರು. ಸ್ವಲ್ಪ ಹೊತ್ತಿಗೆ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. ಕೈಯಲ್ಲೊಂದು ಕಾಗದದ ಪೊಟ್ಟಣ.

"ತಾತ ನಾಲ್ಕು ದಿನದಿಂದ ಈ ಕಡೆ ತಲೆನೇ ಹಾಕಿಲ್ಲ," ಅಂದಳು.

"ನಾನೇನೂ ಮಾಡಿಲ್ಲ," ಅಂದಳು ಕೊಕ್ಕರೆ.

"ನೀನು ಮಾಡಿದೆ ಅಂತ ಯಾರು ಅಂದ್ರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಕತೆ. ಪುಣ್ಯಕ್ಕೆ ಅಮ್ಮನ ಗಮನ ಬೇರೆ ಕಡೆ ಇತ್ತು. ತಾತನಿಗೊಂದು, ಕಂಡಕ್ಟರನಿಗೊಂದು ಬನ್ನು ದಿನಾ ತೆಗೆದಿಡುತ್ತಿದ್ದಳಂತೆ, ದಿನಾ ಅದು ಹಾಗೇ ಉಳಿಯುತ್ತಿತ್ತಂತೆ. ವಯಸ್ಸಾದ ಜೀವ, ಒಂಟಿ ಮನುಷ್ಯ, ಹುಷಾರಿಲ್ಲವೋ ಏನೋ ಅಂತ ಅವಳಿಗೆ ಯೋಚನೆ. ಪಾರ್ಕಿನಲ್ಲಿ ನೋಡು, ಇದ್ದರೆ ಇದನ್ನು ಕೊಟ್ಟು ವಿಚಾರಿಸಿಕೊಂಡು ಬಾ ಅಂದಳು. ಬೇರೆ ನಾಯಿಗಳೂ ಬರುತ್ತಿಲ್ಲವಲ್ಲ, ಬೋರ್ಡು ನೆಟ್ಟಗೆ ಕಾಣುತ್ತದೆ ತಾನೇ ಅಂತಲೂ ಕೇಳಿದಳು. ಕೊಕ್ಕರೆ ಪೊಟ್ಟಣ ಕಸಿದುಕೊಂಡು ಓಡಿದಳು.

ತಾತ ಪಾರ್ಕಿನ ಬೆಂಚಿನ ಮೇಲೇ ಇದ್ದರು. ಗಾಳಿ ಜೋರಾಗಿತ್ತು, ಕೋಟಿನ ಕಾಲರು ಎತ್ತಿಕೊಂಡಿದ್ದರು. ಪಕ್ಕದಲ್ಲಿ ಫ್ಲಾಸ್ಕು, ಕೈಯಲ್ಲಿ ಮನೆಯಿಂದ ತಂದ ಒಣ ಬ್ರೆಡ್ಡು. ಅರ್ಧ ತಾವು ತಿನ್ನುತ್ತಾ ಅರ್ಧ ಕಂಡಕ್ಟರನಿಗೆ ಕೊಡುತ್ತಿದ್ದರು. ಕೊಕ್ಕರೆ ಹತ್ತು ಹೆಜ್ಜೆ ದೂರದಲ್ಲೇ ನಿಂತು ಪೊಟ್ಟಣವನ್ನು ಕೈಯುದ್ದಕ್ಕೂ ಚಾಚಿದಳು. ತಾತ ಅವಳ ಮುಖ ನೋಡಿದರು. ಏನೂ ಕೇಳದೆ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿ ಗಿಡ್ಡ ಮಾಡಿಕೊಂಡರು. ಆಗ ಅವಳು ಬೆಂಚಿನ ಆಚೆ ತುದಿ ಹತ್ತಿ ಕಾಲು ಮಡಚಿ ಕೂತಳು.

"ಅಮ್ಮ ಕೊಟ್ಟಿದ್ದು. ನೀವು ಯಾಕೆ ಬರ್ತಿಲ್ಲ ಅಂತ ಕೇಳ್ತಿದ್ದಾರೆ."

"ದಿನಾ ಬರ್ತೀನಿ ಮರಿ. ಬೋರ್ಡು ನೋಡ್ತೀನಿ, ವಾಪಸ್ ಹೋಗ್ತೀನಿ," ಅಂದರು ತಾತ. "ಇವನದೇ ಗೋಳು. ಮೆಟ್ಟಿಲ ಮೇಲೆ ಕಾಲಿಟ್ಟು ಅಲ್ಲಾಡಲ್ಲ ಅಂತಾನೆ. ಇವನಿಗೆ ಓದೋಕೆ ಬರಲ್ಲ ನೋಡು."

ಆಮೇಲೆ ತಾವಾಗಿಯೇ ಹೇಳಿದರು. ಹೋದ ವಾರ ಕಂಡಕ್ಟರನ ಬಾಲ ಬಡಿದು ಒಂದು ಲೋಟ ಜ್ಯೂಸು ಚೆಲ್ಲಿತ್ತಲ್ಲ, ಒಳಗೆ ನಾಯಿಯೇ ಇಲ್ಲದಿದ್ದರೂ ಭರ್ತಿ ಅಂತ ಬೋರ್ಡು ಹಾಕಿದ್ದು ಅದಕ್ಕೇ ಇರಬೇಕು. ನಿಮ್ಮಮ್ಮ ಒಳ್ಳೆಯವಳು, ಮುಖಕ್ಕೆ ಹೊಡೆದ ಹಾಗೆ ಹೇಳುವವಳಲ್ಲ. ಅವಳ ಮೇಲೆ ನನಗೆ ಬೇಜಾರಿಲ್ಲ ಅಂತ ಹೇಳಿಬಿಡು ಅಂದರು. ಸಿಟ್ಟಿನಿಂದ ಬೈದಿದ್ದರೂ ಕೊಕ್ಕರೆ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆಯಲಾಗಲಿಲ್ಲ. ತಾನು ಮಾಡಿದ್ದಕ್ಕೆ ಅಮ್ಮನಿಗೆ ಕೆಟ್ಟ ಹೆಸರು ಬಂತಲ್ಲ.

ಅಷ್ಟರಲ್ಲಿ ತೋಟದವನು ಹುಲ್ಲು ಕತ್ತರಿಸುವ ಮೆಷಿನ್ ಶುರುಮಾಡಿದ. ಗರ್ರ್ ಅಂದಿದ್ದೇ ತಡ, ಕಂಡಕ್ಟರ್ ಬೆಂಚಿನ ಅಡಿಗೆ ತೂರಿಕೊಂಡ. ಬೆಂಚು ಗಡಗಡ ಅಲುಗಿತು. ಕೊಕ್ಕರೆ ಹೆದರುತ್ತಲೇ ಬಗ್ಗಿ ನೋಡಿದಳು. ಕರುವಿನಷ್ಟು ದೊಡ್ಡ ನಾಯಿ ನಾಲ್ಕು ಕಾಲನ್ನೂ ಹೊಟ್ಟೆಯಡಿಗೆ ಎಳೆದುಕೊಂಡು, ಕಣ್ಣು ಮುಚ್ಚಿಕೊಂಡು ನಡುಗುತ್ತಿತ್ತು.

ತಾತ ಕೆಳಗೆ ಕೈಯಿಟ್ಟು ಅದರ ಬೆನ್ನು ಸವರಿದರು. "ಇಷ್ಟೇ ಕಣೋ. ಈಗ ನಿಂತ್ಹೋಗುತ್ತೆ."

"ಇವನಿಗೆ ಹೆದರಿಕೆನಾ?" ಕೊಕ್ಕರೆಗೆ ನಂಬಲಾಗಲಿಲ್ಲ.

ಸದ್ದು ಅಂದರೆ ಆಗುವುದಿಲ್ಲ ಅಂದರು ತಾತ. ನಿಮ್ಮ ಹೋಟೆಲಿನಲ್ಲೂ ಅಷ್ಟೇ, ಮಿಕ್ಸಿ ಹಾಕಿದರೆ ಮೇಜಿನಡಿಯಲ್ಲಿ ಇದೇ ಅವಸ್ಥೆ. ನೀನು ನೋಡಿಲ್ಲವೇ ಅಂದರು. ಕೊಕ್ಕರೆ ನೋಡಿರಲಿಲ್ಲ. ಮೇಜಿನಡಿಗೆ ಅವಳು ಯಾವತ್ತು ನೋಡಿದ್ದಾಳೆ?

"ಮತ್ತೆ ಯಾಕೆ ಬರ್ತಾನೆ?"

"ಹೆದರಿಕೆ ಒಂದು ಕಡೆ, ಬನ್ನು ಒಂದು ಕಡೆ. ತೂಗಿ ನೋಡ್ತಾನೆ. ಬನ್ನೇ ಭಾರ ಅನ್ಸುತ್ತೆ."

ಕೊಕ್ಕರೆಗೆ ನಗು ಬಂತು. ನಗುವಿನ ಹಿಂದೆಯೇ ಅಳು ಬಂತು. ಯಾವುದು ಯಾವುದೆಂದು ತಿಳಿಯುವ ಮೊದಲೇ ಮಾತು ಬಾಯಿಂದ ಹೊರಗೆ ಬಿದ್ದಿತ್ತು.

"ಜಾಗ ಭರ್ತಿ ಆಗಿರ್ಲಿಲ್ಲ ತಾತ. ಅಮ್ಮಂಗೆ ಗೊತ್ತೇ ಇಲ್ಲ. ನಾನೇ ತಿರುಗಿಸಿದ್ದು. ನಂಗೆ ನಾಯಿ ಅಂದ್ರೆ ಭಯ."

ಮೆಷಿನ್ ನಿಂತಿತು. ತಾತ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಹಾಕಿದರು, ಮತ್ತೆ ತೆಗೆದರು, ಮತ್ತೆ ಹಾಕಿದರು.

"ಬಸ್ಸಿಗೂ ಒಂದು ಬೋರ್ಡಿರುತ್ತೆ, ಫುಲ್ ಅಂತ," ಅಂದರು ಕೊನೆಗೆ. "ಒಂದು ಸಲ ತುಂಬಾ ಸುಸ್ತಾಗಿತ್ತು. ಹಿಂದೆ ಸೀಟು ಖಾಲಿ ಇತ್ತು. ಆದ್ರೂ ಬೋರ್ಡು ಹಾಕ್ಕೊಂಡು, ಸ್ಟಾಪಿನಲ್ಲಿ ನಿಲ್ಲಿಸದೇ ಹೊರಟೆ. ಕನ್ನಡಿಯಲ್ಲಿ ನೋಡಿದ್ರೆ ಒಬ್ಬಾಕೆ ಕೈ ಎತ್ತಿದವಳು ಎತ್ತಿದ ಹಾಗೇ ನಿಂತಿದ್ಲು. ಮೂವತ್ತು ವರ್ಷ ಆಯ್ತು. ನಾನು ಯಾರಿಗೂ ಹೇಳಿಲ್ಲ. ನೀನು ನಾಲ್ಕೇ ದಿನಕ್ಕೆ ಹೇಳ್ಬಿಟ್ಟೆ."

ಅವರು ಬೈಯಲೇ ಇಲ್ಲ. ಪೊಟ್ಟಣ ಬಿಚ್ಚಿ ಒಂದು ಬನ್ನನ್ನು ಮೂರು ಪಾಲು ಮಾಡಿದರು. ಒಂದು ಅವರಿಗೆ, ಒಂದು ಕಂಡಕ್ಟರನಿಗೆ, ಒಂದು ಕೊಕ್ಕರೆಗೆ.

ಅಮ್ಮನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಬೋರ್ಡಿನಿಂದ ಶುರುಮಾಡಿ ಒಂದನೇ ಕ್ಲಾಸಿನ ಫ್ರಾಕಿನವರೆಗೆ ಎಲ್ಲವನ್ನೂ ಹೇಳಬೇಕಾಯಿತು. ಅಮ್ಮನ ಮುಖ ಸಣ್ಣಗಾಯಿತು. ಬೋರ್ಡಿಗೆ ಬೈದಳು, ಸುಳ್ಳಿಗೆ ಬೈದಳು. ತಾತ ನಾಲ್ಕು ದಿನ ಗಾಳಿಯಲ್ಲಿ ಕೂತಿದ್ದಕ್ಕೆ ಇನ್ನಷ್ಟು ಬೈದಳು. ಬೈದು ಬೈದು ಸಾಕಾದ ಮೇಲೆ ಕುರ್ಚಿ ಎಳೆದು ಎದುರಿಗೇ ಕೂತಳು.

"ಕಾಲು ಮೇಲಿಟ್ಕೊಂಡು ಕೂತಿದ್ದನ್ನ ದಿನಾ ನೋಡ್ತಿದ್ದೆ. ಚಳಿಯೇನೋ ಅಂದ್ಕೊಂಡೆ. ಒಂದು ಮಾತು ಕೇಳಲಿಲ್ಲ ನಾನು," ಅಂದಳು. ಆಮೇಲೆ, "ಬೋರ್ಡು ತೆಗೆದು ಅಟ್ಟಕ್ಕೆ ಹಾಕ್ತೀನಿ ಬಿಡು. ಹೋಟ್ಲು ಹೇಗೋ ನಡೆಯುತ್ತೆ."

ಕೊಕ್ಕರೆ ಯೋಚಿಸಿದಳು. ಹೂಂ ಅಂದರೆ ಸಾಕಿತ್ತು, ಕಾಲು ಚಾಚಿಕೊಂಡು ಆರಾಮಾಗಿ ಇರಬಹುದಿತ್ತು. ಬೆಂಚಿನಡಿಯಲ್ಲಿ ಮುದುಡಿಕೊಂಡ ನಾಲ್ಕು ಕಾಲು ಕಣ್ಣ ಮುಂದೆ ಬಂದವು.

"ಬೇಡ ಅಮ್ಮ. ಇರ್ಲಿ," ಅಂದಳು.

ಮಾರನೆಯ ದಿನ ನಾಲ್ಕು ಗಂಟೆಗೆ ಬೋರ್ಡು ಸರಿಯಾದ ಕಡೆಗೇ ತಿರುಗಿತ್ತು. ತಾತ ಬಂದು ಒಂದು ಸಲ ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. ಕಂಡಕ್ಟರನಿಗೆ ಓದುವ ಕಷ್ಟವಿಲ್ಲವಲ್ಲ, ಅವರನ್ನೇ ಎಳೆದುಕೊಂಡು ಒಳಗೆ ನುಗ್ಗಿದ. ಕೊಕ್ಕರೆಯ ಕಾಲೆರಡೂ ತಾವಾಗಿಯೇ ಕುರ್ಚಿ ಹತ್ತಿದವು. ತಾತ ಹಗ್ಗ ಗಿಡ್ಡ ಮಾಡಿ, ಬಾಲ ಗೋಡೆಯ ಕಡೆಗೆ ಬರುವಂತೆ ಕಂಡಕ್ಟರನನ್ನು ಮಲಗಿಸಿದರು. ಈಗ ಮೂತಿ ಅವಳ ಕಡೆಗಿತ್ತು. ಇದೇನು ಉಪಕಾರವೋ ಉಪದ್ರವವೋ ಅವಳಿಗೆ ತಿಳಿಯಲಿಲ್ಲ.

ಅಡುಗೆಮನೆಯಲ್ಲಿ ಅಮ್ಮ ಹಣ್ಣು ಹೆಚ್ಚಿ ಮಿಕ್ಸಿಗೆ ಹಾಕಿ ಮುಚ್ಚಳ ಒತ್ತಿದಳು. ಕೈ ಸ್ವಿಚ್ಚಿನ ಕಡೆಗೆ ಹೋಯಿತು.

"ಅಮ್ಮ, ಒಂದ್ನಿಮಿಷ."

ಕೊಕ್ಕರೆ ಕುರ್ಚಿಯಿಂದ ಇಳಿದಳು. ಕಂಡಕ್ಟರನಿಂದ ಎಷ್ಟು ದೂರವಾಗುತ್ತದೋ ಅಷ್ಟು ದೂರದಿಂದ, ಮೂರು ಮೇಜು ಸುತ್ತಿ ಹೋಗಿ ಅಡುಗೆಮನೆಯ ಬಾಗಿಲನ್ನು ಗಟ್ಟಿಯಾಗಿ ಮುಚ್ಚಿದಳು. ಮತ್ತೆ ಮೂರು ಮೇಜು ಸುತ್ತಿ ಬಂದು ಕುರ್ಚಿ ಹತ್ತಿದಳು.

ಬಾಗಿಲ ಹಿಂದೆ ಮಿಕ್ಸಿ ಗೊರ್ರ್ ಅಂದಿತು. ಕಂಡಕ್ಟರ್ ನಾಲ್ಕು ಕಾಲನ್ನೂ ಒಳಗೆ ಎಳೆದುಕೊಂಡು ಕಣ್ಣು ಮುಚ್ಚಿದ. ಕೊಕ್ಕರೆ ಮಂಡಿಯ ಮೇಲೆ ಗಲ್ಲ ಊರಿ ಮೇಜಿನಡಿಗೆ ಬಗ್ಗಿದಳು.

"ಇಷ್ಟೇ ಕಣೋ," ಅಂದಳು ಮೆಲ್ಲಗೆ. "ಈಗ ನಿಂತ್ಹೋಗುತ್ತೆ."

ಕಂಡಕ್ಟರ್ ಒಂದು ಕಣ್ಣು ತೆರೆದು ಅವಳನ್ನು ನೋಡಿದ.

ಮಿಕ್ಸಿ ನಿಂತಿತು. ಆಮೇಲೆ ಕಂಡಕ್ಟರ್ ಒಂದೇ ಒಂದು ಮುಂಗಾಲನ್ನು ಮೆಲ್ಲಗೆ ಹೊರಗೆ ಚಾಚಿದ. ಉಳಿದ ಮೂರನ್ನು ಹಾಗೇ ಇಟ್ಟುಕೊಂಡ.

ಕೊಕ್ಕರೆ ಅದನ್ನು ನೋಡುತ್ತಾ ಕೂತಳು. ಗಣಿತದ ಪುಸ್ತಕ ತೆರೆದಳು. ಒಂದು ಲೆಕ್ಕ ಮುಗಿಯಿತು, ಸರಿಯಾಗಿಯೇ ಬಂತು. ಆಗ ಅವಳೂ ಒಂದು ಕಾಲನ್ನು ನೆಲಕ್ಕೆ ಇಳಿಬಿಟ್ಟಳು.

ಇನ್ನೊಂದು ನಾಳೆಗಿರಲಿ ಅಂದುಕೊಂಡಳು.