ರೆಕ್ಕೆಯ ತುದಿಯ ಮಸುಕು

ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಬಂದ ಹೆಂಗಸು ದೂರು ಬರೆದು ಮುಗಿಸುವಷ್ಟರಲ್ಲಿ ಎರಡು ಸಲ ಪೆನ್ನು ಕೆಳಗಿಟ್ಟಳು. ಹಾರುವ ಹಕ್ಕಿಗಳ ಚಿತ್ರಗಳನ್ನಷ್ಟೇ ತೆಗೆಯುವ ಛಾಯಾಗ್ರಾಹಕಿ ಆಕೆ. ಅಂದು ಸಂಜೆ ಅವಳ ಪ್ರದರ್ಶನದ ಉದ್ಘಾಟನೆ. ಗ್ಯಾಲರಿಯ ಗೋಡೆಗೆ ತೂಗುಹಾಕಿದ್ದ ಹನ್ನೆರಡು ಚಿತ್ರಗಳಲ್ಲಿ ಐದನ್ನು ಯಾರೋ ಬ್ಲೇಡಿನಿಂದ ಸೀಳಿಹಾಕಿದ್ದರು.

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೊಸದಾಗಿ ವರ್ಗವಾಗಿ ಬಂದಿದ್ದ ಮಹಿಳಾ ಹೆಡ್ ಕಾನ್‌ಸ್ಟೆಬಲ್‌ಳನ್ನು ಕರೆದುಕೊಂಡು ಸ್ಥಳಕ್ಕೆ ಹೋದ. ಬೀಗ ಒಡೆದಿರಲಿಲ್ಲ, ಕಿಟಕಿಗಳು ಭದ್ರವಾಗಿದ್ದವು. ಪಂಚರ ಸಮಕ್ಷಮ ಮಹಜರು ನಡೆಯಿತು. ಸೀಳಿದ ಗಿಡುಗನ ಚಿತ್ರದ ಚೌಕಟ್ಟಿನಲ್ಲಿ ಬ್ಲೇಡಿನ ಮುರಿದ ತುದಿ ಸಿಕ್ಕಿತು. ಹೊರಗಿನವರು ಒಬ್ಬರೂ ಒಳಗೆ ಕಾಲಿಟ್ಟಿಲ್ಲವೆಂದು ಕಾವಲುಗಾರ ಹೇಳಿದ್ದನ್ನು ಇನ್‌ಸ್ಪೆಕ್ಟರ್ ಬರೆದುಕೊಂಡ.

"ಮನೆಯವರು?" ಹೆಡ್ ಕಾನ್‌ಸ್ಟೆಬಲ್ ಕೇಳಿದಳು.

"ಫೋಟೋ ಮೇಡಂ ಅವರ ತಮ್ಮ ಬಂದಿದ್ರು. ಇವತ್ತು ಬೆಳಿಗ್ಗೆ ಏಳು ಗಂಟೆಗೆ. ಲೈಟ್ ಸರಿಮಾಡ್ಬೇಕು ಅಂತ ಬೀಗದ ಕೈ ಇಸ್ಕೊಂಡ್ರು."

ತಾನು ಕೇಳಬೇಕಾಗಿದ್ದ ಪ್ರಶ್ನೆ. ಇನ್‌ಸ್ಪೆಕ್ಟರ್ ಉತ್ತರವನ್ನಷ್ಟೇ ಬರೆದುಕೊಂಡ. ಹಿಂದಿನ ವಾರವಷ್ಟೇ ಮೇಲಧಿಕಾರಿ ಎಲ್ಲರೆದುರು ಇವಳ ಬೆನ್ನು ತಟ್ಟಿದ್ದರು. ಆ ರಾತ್ರಿ ಅವನಿಗೆ ಊಟ ಸೇರಿರಲಿಲ್ಲ. ಅವಳ ಮುಖ ನೋಡಲಾಗದೆ ಗೋಡೆಯ ಕಡೆ ತಿರುಗಿದ. ಆಗ ಕಂಡಿತು. ಸೀಳಿದ ಐದು ಚಿತ್ರಗಳ ಕೆಳಗೆ ಮಾತ್ರ ಇನ್ನೊಬ್ಬರ ಹೆಸರೂ ಇತ್ತು.

ಛಾಯಾಗ್ರಾಹಕಿಯನ್ನು ಕೇಳಿದ. ಕ್ಲಿಕ್ಕಿಸುವುದಷ್ಟೇ ತನ್ನ ಕೆಲಸ, ಕತ್ತಲಾದ ಆಕಾಶಕ್ಕೆ ಬೆಳಕು ತರುವುದು, ಅಡ್ಡ ಬಂದ ಕೊಂಬೆ ಅಳಿಸುವುದು, ಹಕ್ಕಿಯ ಕಣ್ಣು ಸ್ಪಷ್ಟ ಮಾಡುವುದು ಎಲ್ಲ ಎಂಟು ವರ್ಷಗಳಿಂದ ತಮ್ಮನದೇ ಎಂದಳು. ಈ ಸಲ ಐದನ್ನು ತಿದ್ದಲು ಮಗನ ಹೆಂಡತಿಗೆ ಕೊಟ್ಟಿದ್ದಳಂತೆ.

"ಸೊಸೆ ಹೆಸರು ಹಾಕಿದೀರಿ. ತಮ್ಮನ ಹೆಸರು?"

"ಅವನು ಯಾವತ್ತೂ ಕೇಳ್ಲಿಲ್ಲ ಸರ್." ಆಮೇಲೆ ಅವಳ ದನಿ ಇಳಿಯಿತು. "ದೂರು ವಾಪಸ್ ತಗೋಬಹುದಾ?"

ಎಫ್‌ಐಆರ್ ಆದಮೇಲೆ ಆಗುವುದಿಲ್ಲವೆಂದು ಇನ್‌ಸ್ಪೆಕ್ಟರ್ ತಿಳಿಸಿದ.

ತಮ್ಮನ ಸ್ಟುಡಿಯೋ ಎಂದರೆ ಹಗಲಲ್ಲೂ ಪರದೆ ಎಳೆದ ಒಂದು ಕೋಣೆ. ಕಂಪ್ಯೂಟರಿನ ಪಕ್ಕದಲ್ಲೇ ಕಾಗದ ಕತ್ತರಿಸುವ ಕಟರ್ ಬಿದ್ದಿತ್ತು, ತುದಿ ಮುರಿದಿತ್ತು. ಚೌಕಟ್ಟಿನಲ್ಲಿ ಸಿಕ್ಕಿದ ಚೂರು ಅದಕ್ಕೆ ಸರಿಯಾಗಿ ಕೂತಿತು. ಆದರೂ ಅವನು ಜಗ್ಗಲಿಲ್ಲ. ಕಟರ್ ಯಾವಾಗಲೋ ಮುರಿದದ್ದು ಎಂದ. ಇನ್‌ಸ್ಪೆಕ್ಟರ್ ಗದರಿಸಲು ಹೋಗಲಿಲ್ಲ. ಸೀಳಿದ ಗಿಡುಗನ ಚಿತ್ರವನ್ನು ಜೋಡಿಸಿ ಅವನ ಮುಂದಿಟ್ಟ.

"ಇದನ್ನ ತಿದ್ದಿದ್ದು ಯಾರು?"

"ಅಕ್ಕನ ಸೊಸೆ."

"ಹೇಗಿದೆ?"

ಅವನು ಬಹಳ ಹೊತ್ತು ನೋಡಿದ. ಸುಳ್ಳು ಹೇಳಲು ಬಾಯಿ ತೆರೆದದ್ದು ಇನ್‌ಸ್ಪೆಕ್ಟರ್‌ಗೆ ಕಾಣಿಸಿತು.

"ಚೆನ್ನಾಗಿದೆ," ಎಂದ. "ರೆಕ್ಕೆ ತುದೀಲಿ ಮಸುಕಿದೆ ನೋಡಿ. ನಾನಾಗಿದ್ರೆ ತೆಗೀತಿದ್ದೆ. ಯಾವಾಗ್ಲೂ ತೆಗ್ದಿದೀನಿ. ಅವಳು ಹಾಗೇ ಬಿಟ್ಟಿದಾಳೆ. ಅದಕ್ಕೇ ಅವಳ ಹಕ್ಕಿ ಹಾರ್ತಿದೆ ಸರ್. ನನ್ನವೆಲ್ಲ ನಿಂತ್ಬಿಟ್ಟಿವೆ."

ಮಧ್ಯಾಹ್ನ ಮೂರಕ್ಕೆ ಅವನನ್ನು ಬಂಧಿಸಲಾಯಿತು. ಬೀಗದ ಕೈಯ ವಿಷಯ ಮೊದಲು ಬಯಲಿಗೆ ತಂದದ್ದು ಹೆಡ್ ಕಾನ್‌ಸ್ಟೆಬಲ್ ಎಂದು ಇನ್‌ಸ್ಪೆಕ್ಟರ್ ವರದಿಯಲ್ಲಿ ಬರೆದ.

ಸಂಜೆ ಅಕ್ಕ ಠಾಣೆಗೆ ಬಂದು ಕಂಬಿಯ ಈಚೆ ನಿಂತಳು. ಉದ್ಘಾಟನೆ ಮುಂದಕ್ಕೆ ಹಾಕಿ ಸೀಳಿದ ಐದನ್ನು ಮತ್ತೆ ಮುದ್ರಿಸಲು ಕೊಟ್ಟಿದ್ದಾಗಿ, ಉಳಿದ ಏಳು ಚಿತ್ರಗಳ ಕೆಳಗೆ ಅವನ ಹೆಸರು ಅಚ್ಚು ಹಾಕಿಸಿದ್ದಾಗಿ ಹೇಳಿದಳು. ಅವಳ ಕಣ್ಣು ತುಂಬಿತ್ತು.

ತಮ್ಮ ತಲೆಯೆತ್ತಲಿಲ್ಲ.

"ತೆಗೆಸಿಬಿಡಕ್ಕ," ಎಂದ. "ನಿನ್ನ ಸೊಸೆ ಹೆಸರಿನ ಪಕ್ಕದಲ್ಲಿ ನನ್ನ ಹೆಸರಿದ್ರೆ, ಯಾರ ಹಕ್ಕಿ ಹಾರ್ತಿದೆ ಅಂತ ನೋಡಿದೋರಿಗೆಲ್ಲ ಗೊತ್ತಾಗ್ಬಿಡುತ್ತೆ."