ಒಂದು ಗೀಟಿನ ತಪ್ಪು

ಹಲ್ಲಿನ ಡಾಕ್ಟರರ ಬೋರ್ಡಿನಲ್ಲಿ ಒಂದು 'ನ' ಬಿಟ್ಟುಹೋಗದಿದ್ದರೆ ಅವನು ಆ ಪ್ರೆಸ್ಸಿನ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ.

ಆಳೆತ್ತರದ ಬೋರ್ಡು. ನೀಲಿಯ ಮೇಲೆ ಬಿಳಿ ಬಣ್ಣದಲ್ಲಿ ಮುತ್ತು ಪೋಣಿಸಿದಂಥ ಅಕ್ಷರ: 'ಹಲ್ಲಿ ಆಸ್ಪತ್ರೆ'. ಹತ್ತು ಗಂಟೆಗೆ ಏರಿಸಿದ್ದನ್ನು ಹನ್ನೊಂದಕ್ಕೆ ಇಳಿಸಬೇಕಾಯಿತು. ಅಷ್ಟರೊಳಗೆ ಇಬ್ಬರು ಪುಣ್ಯಾತ್ಮರು ಒಳಗೆ ಹೋಗಿ, ನಮ್ಮ ಗೋಡೆಯ ಮೇಲೊಂದಿದೆ, ಬಾಲ ತುಂಡಾಗಿದೆ, ಕರೆದುಕೊಂಡು ಬರಬಹುದಾ ಎಂದು ವಿಚಾರಿಸಿ ಬಂದಿದ್ದರು. ಮುಂದಿನ ಸಲ ಓದುಬರಹ ಬಲ್ಲವರಿಗೆ ತೋರಿಸಿ ಬರೆಯಪ್ಪ ಎಂದು ಡಾಕ್ಟರು ಅವನನ್ನು ಸಾಗಹಾಕಿದರು.

ಆ ಓದುಬರಹ ಬಲ್ಲವಳು ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ, ಕಾಗದದ ರೀಮುಗಳ ನಡುವೆ ಕೂತು ಪ್ರೂಫ್ ನೋಡುತ್ತಿದ್ದಳು. ಹೊರಗೆ ಮಾಲೀಕರ ಜೊತೆ ಮಾತಾಡುತ್ತಿದ್ದ ದನಿ ಕಿವಿಗೆ ಬಿದ್ದದ್ದೇ ತಡ, ಅವಳ ಪೆನ್ಸಿಲು ಸಾಲಿನ ನಡುವೆ ನಿಂತಿತು. ಐದು ವರ್ಷದ ಮೇಲೂ ಆ ದನಿ ಗೊತ್ತಾಯಿತು. ಪರದೆ ಸರಿಯುವಷ್ಟರಲ್ಲಿ ಅವಳು ಮೇಜಿನ ಕೆಳಗೆ ಬಗ್ಗಿಬಿಟ್ಟಿದ್ದಳು.

"ಏನಾದ್ರೂ ಬಿತ್ತಾ?" ಎಂದ ಅವನು.

"ಪೆನ್ಸಿಲ್."

"ಸಿಕ್ತಾ?"

"ಹುಡುಕ್ತಿದ್ದೀನಿ."

ಅವನು ಬಗ್ಗಿ ಮೇಜಿನ ಕೆಳಗೆ ನೋಡಿದ. ಆಮೇಲೆ ಮೆಲ್ಲಗೆ, "ನಿಮ್ಮ ಕೈಯಲ್ಲೇ ಇದೆ," ಎಂದ.

ಕೆಂಪೇರಿದ ಮುಖ ಹೊತ್ತು ಅವಳು ಮೇಲೆದ್ದಳು. ಅವನ ಬೆರಳ ಸಂದಿನಲ್ಲಿ ನೀಲಿ ಬಣ್ಣ, ಹುಬ್ಬಿನ ಮೇಲೊಂದು ಬಿಳಿ ಚುಕ್ಕೆ. ನಗು ಮಾತ್ರ ಹಳೆಯದೇ, ಒಂದು ಕಡೆಗೆ ಸ್ವಲ್ಪ ಹೆಚ್ಚು.

"ನಾವು ಒಂದೇ ಕಾಲೇಜು. ನಿಮಗೆ ನೆನಪಿರಲ್ಲ ಬಿಡಿ. ನನ್ನ ಹೆಸರು ನನಗೇ ಮರೆತುಹೋಗಿತ್ತು, ಇಡೀ ಕಾಲೇಜು ಬಾವ ಅಂತಿತ್ತಲ್ಲ."

ನೆನಪಿರುವುದಿಲ್ಲವೇ. ಆ ಹೆಸರು ಇಟ್ಟವಳೇ ಅವಳು.

*

ಕಾಲೇಜಿನಲ್ಲಿ ಅವಳಿಗೂ ಒಂದು ಅಡ್ಡಹೆಸರಿತ್ತು: ಪೂರ್ಣವಿರಾಮ. ಕೇಳಿದ್ದಕ್ಕೆ ಒಂದು ವಾಕ್ಯ, ಅಲ್ಲಿಗೆ ಮುಗಿಯಿತು. ಹಾಜರಿ ಕರೆಯುವಾಗ ಅವಳ 'ಪ್ರೆಸೆಂಟ್ ಸರ್' ಎಷ್ಟು ಮೆತ್ತಗಿರುತ್ತಿತ್ತೆಂದರೆ, ಎದುರಿಗೇ ಕೂತಿದ್ದವಳಿಗೆ ವರ್ಷದಲ್ಲಿ ಹದಿನೇಳು ಗೈರುಹಾಜರಿ ಬಿದ್ದಿತ್ತು. ಅದೇ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬನೇ ನಾಲ್ಕು ದನಿಯಲ್ಲಿ ನಾಲ್ವರ ಹಾಜರಿ ಹೇಳುತ್ತಿದ್ದ. ಅದೇ ಇವನು.

ಇವನ ಕೈಬರಹ ಅಚ್ಚಿನಂತಿತ್ತು. ನೋಟೀಸು, ಕರಿಹಲಗೆಯ ತಾರೀಕು, ಕ್ಯಾಂಟೀನಿನ ದರಪಟ್ಟಿ ಎಲ್ಲವೂ ಇವನದೇ. ಮಹಾಪ್ರಾಣಕ್ಕೂ ಇವನಿಗೂ ಮಾತ್ರ ಎಣ್ಣೆ ಸೀಗೆಕಾಯಿ. 'ಭ' ಬರೆಯುವಾಗ ಕೆಳಗಿನ ಆ ಪುಟ್ಟ ಗೀಟು ಎಳೆಯುವುದಕ್ಕೆ ಏನು ಮೈಭಾರವೋ ಎಂದು ಮೇಷ್ಟ್ರು ರೇಗುತ್ತಿದ್ದರು.

ಕನ್ನಡದ ಮೇಷ್ಟ್ರು ಕಾಲೇಜು ಪತ್ರಿಕೆಗೆ ಅವಳನ್ನು ವಿದ್ಯಾರ್ಥಿ ಸಂಪಾದಕಿ ಮಾಡಿದರು. ಕೈಗೊಂದು ಕೆಂಪು ಪೆನ್ನು ಕೊಟ್ಟರು. ಬಾಯಿ ಬಿಡಲಾರದವಳಿಗೆ ಆ ಪೆನ್ನು ನಾಲಿಗೆಯಾಯಿತು. ಮೂರು ವರ್ಷ ನುಂಗಿದ್ದ ಮಾತೆಲ್ಲ ಬೇರೆಯವರ ಲೇಖನದ ಅಂಚಿನಲ್ಲಿ ಶರಾ ಆಗಿ ಹೊರಬರತೊಡಗಿತು. ಮೇಷ್ಟ್ರದೊಂದು ಪದ್ಧತಿಯಿತ್ತು: ತಿರಸ್ಕರಿಸಿದ್ದನ್ನು ಶರಾ ಸಮೇತ ನೋಟೀಸ್ ಬೋರ್ಡಿಗೆ ಚುಚ್ಚಬೇಕು, ಬರೆದವರು ಬಂದು ತೆಗೆದುಕೊಳ್ಳಬೇಕು.

ಒಂದು ದಿನ ಪತ್ರಿಕೆಯ ಫೈಲಿನೊಳಗೆ ಹೆಸರಿಲ್ಲದ ಒಂದು ಹಾಳೆ ಸಿಕ್ಕಿತು. ಅವಳು ತಿದ್ದುತ್ತ ಹೋದಳು. 'ಕಿಟಿಕಿ' ಅಲ್ಲ, 'ಕಿಟಕಿ'. 'ಅರ್ತ' ಅಲ್ಲ, 'ಅರ್ಥ'. ಒಟ್ಟು ಮೂರು ತಪ್ಪು. ಮೂರನೆಯದು 'ನನ್ನ ಬಾವ ನಿಮಗೆ ತಿಳಿಯಲಿ' ಎಂಬಲ್ಲಿತ್ತು. ಭಾವ ಎನ್ನುವ ಕಡೆ ಅಕ್ಕನ ಗಂಡ ಬಂದು ಕೂತಿದ್ದ. ಅವಳಿಗೆ ತನ್ನ ಜಾಣತನವೇ ಕಚಗುಳಿಯಿಟ್ಟಿತು. ಕೆಂಪಿನಲ್ಲಿ ಬರೆದಳು: 'ಲೇಖಕರ ಬಾವನ ವಿಷಯ ಓದುಗರಿಗೇಕೆ? ಪ್ರಕಟಣೆಗೆ ಯೋಗ್ಯವಲ್ಲ.' ಚುಚ್ಚಿದಳು. ಕ್ಲಾಸಿಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಬೋರ್ಡಿನ ಮುಂದೆ ಜನವೋ ಜನ. ಆ ಅಕ್ಷರ ಯಾರದೆಂದು ಕಾಲೇಜಿನ ಗೋಡೆಗೂ ಗೊತ್ತಿತ್ತು. ಯಾವನೋ ಒಬ್ಬ ನಾಟಕದ ದನಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದ: "ಲೈಬ್ರರಿಯ ಮೂರನೇ ಕಿಟಕಿಯ ಹತ್ತಿರ ಕೂರುವವರೇ..."

ಮೂರನೇ ಕಿಟಕಿಯ ಹತ್ತಿರ ಕೂರುವವಳು ಯಾರೆಂದು ಆ ಗುಂಪಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವಳು ಅಲ್ಲಿ ಕೂರುತ್ತಿದ್ದುದನ್ನು ಮೂರು ವರ್ಷದಲ್ಲಿ ಒಬ್ಬನೇ ಗಮನಿಸಿದ್ದ. ಅವಳು ಆ ಹಾಳೆಯ ಒಂದೊಂದು ಅಕ್ಷರವನ್ನೂ ನೋಡಿದ್ದಳು. ಓದಿರಲೇ ಇಲ್ಲ.

ಅವನು ಗುಂಪು ಸೀಳಿಕೊಂಡು ಬಂದು ಹಾಳೆ ಕಿತ್ತುಕೊಂಡ. ಕಿವಿ ಕೆಂಪಾಗಿತ್ತು. ನೆಟ್ಟಗೆ ಸ್ಟಾಫ್ ರೂಮಿಗೆ ಹೋಗಿ, ಈ ಶರಾ ನೀವೇ ಬರೆದದ್ದಾ ಎಂದು ಮೇಷ್ಟ್ರನ್ನು ಕೇಳಿದ. ಬೀರುವಿನ ಮರೆಯಲ್ಲಿ ಫೈಲು ಅಪ್ಪಿಕೊಂಡು ಅವಳು ನಿಂತಿದ್ದಳು. ಮೇಷ್ಟ್ರು ಹಾಳೆ ನೋಡಿದರು, ಒಮ್ಮೆ ಬೀರುವಿನ ಕಡೆ ನೋಡಿದರು. "ಹೌದಪ್ಪ, ನಂದೇ," ಎಂದರು. ಅವನು ಹೋದ ಮೇಲೆ ಅವಳ ಮುಂದೆ ಅಂಗೈ ಚಾಚಿ ಕೆಂಪು ಪೆನ್ನನ್ನು ವಾಪಸ್ಸು ಇಸಿದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಂದಿನಿಂದ ಅವನು ಬಾವ. ಜೂನಿಯರ್‌ಗಳಿಗೆ ಬಾವ, ಗೇಟಿನ ವಾಚ್‌ಮನ್‌ಗೂ ಬಾವ. ಒಂದು ವರ್ಷ ಹಿಂದಿದ್ದ ಅವಳ ಸ್ವಂತ ತಂಗಿಯೇ ಕಾರಿಡಾರಿನ ಆ ತುದಿಯಿಂದ 'ಬಾವಾ' ಎಂದು ಕೂಗಿ ಓಡುತ್ತಿದ್ದಳು. ಕರೆಯದೇ ಉಳಿದವಳು ಅವಳೊಬ್ಬಳೇ. ಪ್ರತಿದಿನ ಸಂಜೆ ಡೈರಿಯಲ್ಲಿ ಬರೆಯುತ್ತಿದ್ದಳು: ನಾಳೆ ಹೇಳುತ್ತೇನೆ. ಕಾಲೇಜು ಮುಗಿಯುವ ತನಕ ಒಟ್ಟು ನೂರ ಹನ್ನೆರಡು ನಾಳೆಗಳು ಆ ಡೈರಿಯಲ್ಲಿವೆ.

*

ಈಗ ಅವನು ವಾರಕ್ಕೆರಡು ಸಲ ಪ್ರೆಸ್ಸಿಗೆ ಬರತೊಡಗಿದ. ಬೋರ್ಡಿನ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದು ತಂದು ಮುಂದಿಡುತ್ತಿದ್ದ. ಅವಳು ಪೆನ್ಸಿಲಿನಿಂದ ತಪ್ಪಿಗೆ ಸುತ್ತು ಹಾಕುತ್ತಿದ್ದಳು, ಅಷ್ಟೇ. ಒಂದು ಅಕ್ಷರವನ್ನೂ ಬರೆದು ತೋರಿಸುತ್ತಿರಲಿಲ್ಲ. ತಪ್ಪು ತೋರಿಸುತ್ತೀನಿ, ಸರಿ ನೀವೇ ಬರೆಯಬೇಕು, ಆಗಲೇ ಕಲಿಯೋದು ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದಳು. ಎಂಥ ಒಳ್ಳೆ ಟೀಚರ್ ಎಂದು ಅವನು ಮೆಚ್ಚಿಕೊಂಡ. ತನ್ನ ಕೈಬರಹ ಅವನ ಕಣ್ಣಿಗೆ ಬೀಳದಿರಲಿ ಎಂದು ಮಾಡಿದ ಉಪಾಯಕ್ಕೆ ಸಿಕ್ಕ ಆ ಮೆಚ್ಚುಗೆ ಕೇಳಿ ಅವಳು ಚೂಪಾಗಿದ್ದ ಪೆನ್ಸಿಲನ್ನೇ ಮತ್ತೆ ಕೆತ್ತತೊಡಗಿದಳು.

ಬರಬರುತ್ತ ಅವನು ತರುವ ಹಾಳೆಗಳಲ್ಲಿ ತಪ್ಪು ಕಡಿಮೆಯಾದವು, ಕೂರುವ ಹೊತ್ತು ಹೆಚ್ಚಾಯಿತು. 'ಪಾರ್ಕಿಂಗ್ ಇಲ್ಲ' ಎನ್ನುವ ಎರಡು ಮಾತನ್ನು ಪರೀಕ್ಷಿಸಿಕೊಳ್ಳಲು ಒಮ್ಮೆ ಮುಕ್ಕಾಲು ಗಂಟೆ ಕೂತ. ಮಾಲೀಕರು ಕನ್ನಡಕದ ಮೇಲಿನಿಂದ ನೋಡಿ, ಇದರಲ್ಲಿ ಅಷ್ಟೊಂದು ವ್ಯಾಕರಣ ಏನಿದೆಯಪ್ಪ ಎಂದು ಕೇಳಿದರು. 'ಇಲ್ಲ' ಅನ್ನೋದು ಹೇಗೆ ಬರೀಬೇಕು ಗೊತ್ತಾಗ್ತಿಲ್ಲ ಸಾರ್, ಅವರ ಬಾಯಿಂದ ಒಂದು ಸಲವೂ ಕೇಳಿಲ್ಲ ನೋಡಿ, ಎಂದ ಅವನು. ಅವಳು ಪ್ರೂಫಿನೊಳಗೆ ಮುಖ ಹುದುಗಿಸಿದಳು. ತುಟಿಯ ತುದಿ ಮಾತ್ರ ಹುದುಗಲಿಲ್ಲ. ಅವನು ಅದನ್ನು ನೋಡಿದ. ನೋಡಿದ್ದನ್ನು ಅವಳೂ ನೋಡಿದಳು.

ಅಂಥ ಗಳಿಗೆಗಳಲ್ಲೇ ನಾಚಿಕೆ ಹೆಚ್ಚು. ಹುಡುಗಿಯರಿಗೆ ಬರುವ ಚೆಂದದ ನಾಚಿಕೆಯಲ್ಲ ಅದು, ಕದ್ದವರಿಗೆ ಬರುವಂಥದ್ದು.

ಒಂದು ಗುರುವಾರ ಅವನು ದೊಡ್ಡ ಹಾಳೆಯೊಂದನ್ನು ತಂದ. ಕನ್ನಡದ ಮೇಷ್ಟ್ರು ರಿಟೈರ್ ಆಗುತ್ತಿದ್ದರು. ಭಾನುವಾರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಬೀಳ್ಕೊಡುಗೆ ಮಾಡುವುದೆಂದಾಗಿತ್ತು. ಬ್ಯಾನರು ಇವನದು. ಹಾಳೆಯ ತುಂಬ ಸೊಗಸಾದ ದಪ್ಪ ಅಕ್ಷರ: 'ಬಾವಪೂರ್ಣ ವಿದಾಯ'.

ಅವಳ ಪೆನ್ಸಿಲು ತಾನಾಗಿ ಮೊದಲಕ್ಷರದ ಸುತ್ತ ಹೊರಟಿತು. ಅವನು ಅಂಗೈ ಅಡ್ಡ ಇಟ್ಟ.

"ಅದನ್ನ ಮುಟ್ಟಬೇಡಿ. ಬೇಕಂತ್ಲೇ ಬರ್ದಿದ್ದು."

"ಯಾಕೆ?"

ಅವನು ನಕ್ಕ. ಈ ಸಲ ನಗು ಎರಡೂ ಕಡೆಗೆ ಸರಿಯಾಗಿ ಬರಲಿಲ್ಲ. ಆಮೇಲೆ ಹೇಳಿದ, ಅವಳಿಗೆ ಗೊತ್ತಿದ್ದುದನ್ನೆಲ್ಲ ಅವಳಿಗೇ. ಒಂದು ಕಾಗದ ಬರೆದಿದ್ದು, ಯಾರಿಗೆ ಎಂದು ಕೇಳಬೇಡಿ, ಅದನ್ನು ಇಟ್ಟಿದ್ದ ಪತ್ರಿಕೆಯ ಫೈಲು ಅವರ ಕೈ ಸೇರುವ ಮೊದಲೇ ಮೇಷ್ಟ್ರಿಗೆ ಸಿಕ್ಕಿದ್ದು. ಆ ಸಿಟ್ಟಿಗೆ ಕನ್ನಡ ಕ್ಲಾಸಿಗೆ ಕಾಲಿಡದೆ, ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸದೆ ಒಂದು ವರ್ಷ ಹೋದದ್ದು. "ಓದದೇ ತಿದ್ದಿದ್ರು ಕಣ್ರೀ. ಮನುಷ್ಯ ಆದೋನು ಓದಿದ್ದಿದ್ರೆ ಚುಚ್ಚುತಾ ಇರ್ಲಿಲ್ಲ. ಅವರ ಇಡೀ ಸರ್ವೀಸಿಗೆ ಒಂದು ತಪ್ಪು ತಲೆ ಮೇಲೆ ತೂಗಾಡ್ಲಿ. ಫೋಟೋದಲ್ಲೂ ಇರ್ಲಿ."

ಸುಮ್ಮನಿದ್ದರೆ ಮುಗಿಯುತ್ತಿತ್ತು. ಮುಂದಿನ ವಾರವೂ ಅವನು ಬರುತ್ತಿದ್ದ, 'ಪಾರ್ಕಿಂಗ್ ಇಲ್ಲ' ಹಿಡಿದುಕೊಂಡು. ಮೇಷ್ಟ್ರು ಆ ಬ್ಯಾನರಿನ ಕೆಳಗೆ, ಅಂದು ಚಾಚಿದ ಅದೇ ಅಂಗೈ ಜೋಡಿಸಿಕೊಂಡು ನಿಲ್ಲುತ್ತಿದ್ದರು.

ಹೇಳಲು ಅವಳು ಬಾಯಿ ತೆರೆದಳು. ನೂರ ಹದಿಮೂರನೆಯ ಸಲವೂ ದನಿ ಹೊರಡಲಿಲ್ಲ. ಪಕ್ಕದ ಡಬ್ಬಿಯಲ್ಲಿ ಮಾಲೀಕರ ಕೆಂಪು ಪೆನ್ನಿತ್ತು. ಐದು ವರ್ಷದಿಂದ ಆ ಬಣ್ಣವನ್ನು ಅವಳು ಮುಟ್ಟಿರಲಿಲ್ಲ. ತೆಗೆದುಕೊಂಡಳು. ಅವನ 'ಬ'ದ ಕೆಳಗೆ ಒಂದು ಗೀಟು ಎಳೆದಳು. ಹಾಳೆಯ ಅಂಚಿಗೆ ಹೋಗಿ, ಅಂದು ಬರೆದಂತೆಯೇ ಬರೆದಳು: 'ಲೇಖಕರ ಬಾವನ ವಿಷಯ ಓದುಗರಿಗೇಕೆ?'

ಅವನು ಅಕ್ಷರದ ಮನುಷ್ಯ. ಒಂದೊಂದು ಕೊಂಬು, ಒಂದೊಂದು ದೀರ್ಘ ಅವನ ಕಣ್ಣೊಳಗೆ ಇಳಿಯುವುದನ್ನು ಅವಳು ಕಂಡಳು. ಹಸಿ ಕೆಂಪಿನ ಮೇಲೆ ಅವನು ಬೆರಳಿಟ್ಟ.

"ನೀವಾ?" ಎಂದ. ಮತ್ತೆ, ತುಂಬ ಸಣ್ಣಗೆ, "ಅದಕ್ಕೇ ಬರೀ ಸುತ್ತು."

ಹಾಳೆ ಸುರುಳಿ ಸುತ್ತಿಕೊಂಡು ಹೊರಟ. ಪರದೆ ಬಹಳ ಹೊತ್ತು ಅಲ್ಲಾಡುತ್ತಿತ್ತು.

*

ಭಾನುವಾರ ಹೋಗಲಾರೆನೆಂದು ಡೈರಿಯಲ್ಲಿ ಬರೆದವಳು ಎಲ್ಲರಿಗಿಂತ ಮೊದಲು ಹೋದಳು. ಕಾಲೇಜು ಸಭಾಂಗಣದ ಬಾಗಿಲಲ್ಲಿ ನಿಂತು ಮೇಲೆ ನೋಡುವ ಧೈರ್ಯ ಸಾಲದೆ ಮೊದಲು ಏಣಿಯನ್ನು ನೋಡಿದಳು, ಏಣಿಯ ಮೇಲೆ ಹಗ್ಗ ಬಿಗಿಯುತ್ತಿದ್ದವನ ಚಪ್ಪಲಿ ನೋಡಿದಳು, ಆಮೇಲೆ ಬ್ಯಾನರು.

'ಭಾವಪೂರ್ಣ ವಿದಾಯ.' ಎಲ್ಲ ಅಕ್ಷರ ನೀಲಿ. 'ಭ'ದ ಕೆಳಗಿನ ಗೀಟು ಮಾತ್ರ ಕೆಂಪು.

ಅವನು ಇಳಿದ, ಅವಳ ಪಕ್ಕದಲ್ಲೇ ಹಾದುಹೋದ, ನೋಡಲಿಲ್ಲ.

ಸಮಾರಂಭ ಮುಗಿದ ಮೇಲೆ ಅವಳು ಮೇಷ್ಟ್ರ ಹತ್ತಿರ ಹೋದಳು. ಸರ್, ಆ ಶರಾ, ಅಂದು, ನಾನು ಎಂದು ಐದು ಪದ ಹೊರಡಿಸುವಷ್ಟರಲ್ಲಿ ಕಣ್ಣು ತುಂಬಿತು. ಮೇಷ್ಟ್ರು ಕೊರಳ ಹಾರ ಸರಿಮಾಡಿಕೊಳ್ಳುತ್ತ, ಬೆಳಿಗ್ಗೆ ಅವನೂ ಬಂದಿದ್ದ, ನನ್ನ ಕಾಲು ಹಿಡಿದವನನ್ನ ಎಬ್ಬಿಸೋದೇ ಕಷ್ಟ ಆಯಿತು, ನೀನಾದರೂ ಬಗ್ಗಬೇಡಮ್ಮ, ಎಂದರು. ಆಮೇಲೆ, "ಅವನು ಲೈಬ್ರರಿ ಕಡೆ ಹೋದ ಹಾಗಿತ್ತು," ಎಂದು ಸೇರಿಸಿದರು, ಯಾರಿಗೂ ಹೇಳದವರಂತೆ.

ಮೂರನೇ ಕಿಟಕಿಯ ಬಳಿ ಅವನು ಕೂತಿದ್ದ. ಅವಳ ಕುರ್ಚಿಯಲ್ಲಲ್ಲ, ಎದುರಿನದರಲ್ಲಿ. ಮುಂದೆ ಮಡಿಕೆಗಳಲ್ಲಿ ಹರಿದು, ಹಿಂಬದಿಯಿಂದ ಟೇಪು ಅಂಟಿಸಿದ ಒಂದು ಹಾಳೆ. ಕೆಂಪು ಶಾಯಿ ಮಾಸಿ ಗುಲಾಬಿಯಾಗಿತ್ತು.

"ಮೂರು ದಿನದಿಂದ ಸಿಟ್ಟು," ಎಂದ ಅವನು ತಲೆ ಎತ್ತದೆ. "ಬರೆದಿದ್ದಕ್ಕಲ್ಲ. ಮೂರು ತಿಂಗಳು ಎದುರಿಗೇ ಕೂತು ಹೇಳ್ಲಿಲ್ವಲ್ಲ, ಅದಕ್ಕೆ."

"ಹೌದು," ಎಂದಳು. ಬೇರೆ ಏನು ಹೇಳಿದರೂ ಅದು ತಪ್ಪಿಸಿಕೊಳ್ಳುವ ಮಾತಾಗುತ್ತಿತ್ತು. "ನಾಚಿಕೆ ಆಗಿತ್ತು. ಈಗಲೂ ಆಗ್ತಿದೆ."

"ಒಂದು ಕೇಳ್ತೀನಿ. ಇದನ್ನ ತಿದ್ದಿದ್ದು ಗೊತ್ತಾಯ್ತು. ಯಾವತ್ತಾದ್ರೂ ಓದಿದ್ರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

ಅವನು ಹಾಳೆಯನ್ನು ಅವಳ ಕಡೆ ತಿರುಗಿಸಿದ. "ಹಾಗಾದ್ರೆ ಈಗ ಓದಿ. ಪೆನ್ನು ಇಲ್ದೆ."

ಅವಳು ತನ್ನ ಹಳೆಯ ಕುರ್ಚಿಯಲ್ಲಿ ಕೂತು ಓದಿದಳು. ಕೆಂಪನ್ನೆಲ್ಲ ಕಣ್ಣಿಂದ ಸರಿಸಿ, ಕೆಳಗಿನ ನೀಲಿಯನ್ನಷ್ಟೇ.

'ಲೈಬ್ರರಿಯ ಮೂರನೇ ಕಿಟಿಕಿಯ ಹತ್ತಿರ ಕೂರುವವರೇ, ನೀವು ಪುಟ ತಿರುಗಿಸುವಾಗ ಸದ್ದು ಆಗದ ಹಾಗೆ ಬೆರಳು ಒದ್ದೆ ಮಾಡುತ್ತೀರಿ. ಹಾಜರಿ ಕರೆದಾಗ ನೀವು ಹೇಳಿದ್ದು ಯಾರಿಗೂ ಕೇಳಿಸುವುದಿಲ್ಲ. ನನಗೆ ಕೇಳಿಸುತ್ತದೆ. ಒಂದು ದಿನ ನಿಮ್ಮ ಹಾಜರಿಯನ್ನೂ ನಾನೇ ಹೇಳೋಣ ಅಂತ ಇದ್ದೆ, ನಿಮ್ಮ ದನಿ ತಪ್ಪಿಹೋಗುತ್ತದಲ್ಲ ಎಂದು ಬಿಟ್ಟೆ. ನನ್ನ ಬಾವ ನಿಮಗೆ ತಿಳಿಯಲಿ. ಅರ್ತವಾದರೆ ಒಂದು ಸಲ ತಲೆ ಎತ್ತಿ ನೋಡಿ, ಸಾಕು.'

ಮೂರು ತಪ್ಪಿನಲ್ಲಿ ಒಂದೂ ಅವಳಿಗೆ ಕಾಣಲಿಲ್ಲ. ಹಾಳೆಯ ಮೇಲೆ ಒಂದು ಹನಿ ಬಿದ್ದು, 'ಯೋಗ್ಯವಲ್ಲ' ಎನ್ನುವಲ್ಲಿನ ಗುಲಾಬಿ ಬಣ್ಣ ಹರಡಿತು.

ಅವಳು ತಲೆ ಎತ್ತಿ ನೋಡಿದಳು.

"ಅರ್ತ ಆಯ್ತು," ಎಂದಳು, ಅವನು ಬರೆದ ಹಾಗೆಯೇ. ದನಿ ಇಷ್ಟೇ ಇತ್ತು. ಅವನಿಗೆ ಕೇಳಿಸಿತು.

*

ಈಗ ಭಾನುವಾರ ಬೆಳಿಗ್ಗೆ ಅವಳ ಮನೆಯ ಗೇಟು ಸದ್ದು ಮಾಡಿದರೆ ಮೊದಲು ಓಡುವವಳು ತಂಗಿ. ಹೋದ ವಾರ ಎರಡೂ ಮನೆಯವರು ಕೂತು ಮಾತು ಮುಗಿಸಿದ್ದಾರೆ. ಅವಳು ಒಳಕೋಣೆಯಲ್ಲಿ ಡೈರಿ ಮುಚ್ಚಿ, ತಲೆ ಬಾಚಿದ್ದನ್ನೇ ಮತ್ತೊಮ್ಮೆ ಬಾಚುತ್ತಾಳೆ. ಬಾಗಿಲಿನಿಂದ ತಂಗಿ, ಕಾರಿಡಾರಿನ ಆ ತುದಿಗೆ ಕೇಳುವಂಥ ಅದೇ ಹಳೆಯ ದನಿಯಲ್ಲಿ ಹೇಳುತ್ತಾಳೆ:

"ಅಕ್ಕಾ, ಬಾವ ಬಂದ್ರು."

ತಿದ್ದುವುದಕ್ಕೆ ಏನೂ ಇಲ್ಲ.