ಹೊಗೆಗೂಡಿನ ಬೂಟು

"ಒಂದು ತೆಗೆದ್ರೆ ಇನ್ನೊಂದು ಇಡ್ಬೇಕು ಕಣಪ್ಪ. ಯಾರ ಮೆಟ್ಟೋ ಅವರೇ ಹೊರ್ಬೇಕು," ಎಂದಳು ಹಿತ್ತಿಲ ಗೋಡೆಯಾಚೆಯ ಮುದುಕಿ ಎಡ್ನಾ.

ನೈಜೆಲ್ ಕೈಯಲ್ಲಿ ಮಗುವಿನದೊಂದು ಚರ್ಮದ ಒಂಟಿ ಜೋಡು. ಮಸಿ ಹಿಡಿದು ಸೆಟೆದಿತ್ತು. ಇಂಗ್ಲೆಂಡಿನ ಬರ್ನ್‌ಲಿಯ ಆ ಸಾಲುಮನೆಗೆ ಬಂದು ತಿಂಗಳಾಗಿರಲಿಲ್ಲ. ಅಡುಗೆಮನೆ ಇಕ್ಕಟ್ಟೆಂದು ಹೊಗೆಗೂಡಿನ ಕೆಳಭಾಗವನ್ನು ತಾನೇ ಒಡೆದುಹಾಕಿದ್ದ. ಜೋಡು ಅದರೊಳಗೆ ಸಿಕ್ಕಿತ್ತು. ಮೇಲೆ ಉಳಿದ ಇಟ್ಟಿಗೆಗೆ ಉಕ್ಕಿನ ತೊಲೆ ಕೊಡಬೇಕು, ಎಂಜಿನಿಯರ್ ಕರೆಸು ಎಂದು ಹೆಂಡತಿ ಮರಿಯನ್ ಬಡಕೊಂಡಿದ್ದಳು. ನೂರು ವರ್ಷ ನಿಂತದ್ದು ಇನ್ನೂ ನಿಲ್ಲುತ್ತದೆ ಎಂದು ಅವಳ ಬಾಯಿ ಮುಚ್ಚಿಸಿದ್ದ. ಈ ಮನುಷ್ಯನಿಗೆ ಬುದ್ಧಿ ಹೇಳಿದವರೆಲ್ಲ ದಡ್ಡರೇ.

ಜೋಡನ್ನು ಕಸಕ್ಕೆಸೆದ. ಮುದುಕಿಯನ್ನು ರೇಗಿಸಲೆಂದೇ ತನ್ನ ಹಳೇ ಬೂಟೊಂದನ್ನು ಮಹಡಿಯ ಮಲಗುವ ಕೋಣೆಯಲ್ಲಿ ಅದೇ ಹೊಗೆಗೂಡಿಗೆ ಸೇರಿದ ಅಗ್ಗಿಷ್ಟಿಕೆಯೊಳಗೆ ಕೈ ಚಾಚಿ, ಇಟ್ಟಿಗೆಯ ಅಂಚಿನ ಮೇಲಿಟ್ಟ. "ತಗೋ ಅಜ್ಜಿ, ನಾನೇ ಹೊರ್ತೀನಿ," ಎಂದು ಕಿಟಕಿಯಿಂದ ಕೂಗಿ ನಕ್ಕ.

ಮೂರನೇ ದಿನ ಹೆಗಲು ಹಿಡಿಯಿತು. ಐದನೇ ದಿನ ಟೀ ಕಪ್ಪು ಎತ್ತಲಾಗಲಿಲ್ಲ. ಹಳೇ ಮಸಿಯ ಕಮಟು ಅವನ ಉಸಿರಿನಲ್ಲೇ ಬರತೊಡಗಿತು. ಕತ್ತು ಹೊರಳಿಸಿದರೆ ಇಟ್ಟಿಗೆಗೆ ಇಟ್ಟಿಗೆ ಉಜ್ಜಿದ ಸದ್ದು. ಎಂಟನೇ ದಿನಕ್ಕೆ ಗದ್ದ ಎದೆಗಂಟಿತು. ಮೆಟ್ಟಿಲು ಹತ್ತಲಾಗದೆ ಕೆಳಗೆ ಸೋಫಾದಲ್ಲೇ ಬಿದ್ದುಕೊಂಡ. ಮರಿಯನ್ ತಾನೇ ಎಂಜಿನಿಯರ್‌ಗೆ ಫೋನು ಮಾಡಿದಳು.

ಒಂಬತ್ತನೇ ಬೆಳಗ್ಗೆ ಎದ್ದರೆ ಮೈ ಹಗುರ. ಎಂಜಿನಿಯರ್ ನಸ್ರೀನ್ ಬಂದಾಗ ಸಿಳ್ಳೆ ಹಾಕುತ್ತಲೇ ಬಾಗಿಲು ತೆರೆದ. ಅವಳು ಅಡುಗೆಮನೆಯ ಸೂರಿನತ್ತ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದಳು.

"ಮೇಲೆ ಎರಡು ಟನ್ ಇಟ್ಟಿಗೆ ಇದೆ. ಕೆಳಗೆ ಏನೂ ಇಲ್ಲ," ಎಂದಳು ಮೆಲ್ಲಗೆ. "ಇದನ್ನ ಯಾರು ಹಿಡ್ಕೊಂಡಿದ್ದಾರೆ?"

ಆಗ ನೈಜೆಲ್‌ಗೆ ಕಂಡಿತು. ಮೆಟ್ಟಿಲ ಬುಡದಲ್ಲಿ ಅವನ ಹಳೇ ಬೂಟು, ಮಸಿ ಮೆತ್ತಿಕೊಂಡು. ಪಕ್ಕದಲ್ಲಿ ಮರಿಯನ್ನಳ ನೀಲಿ ಚಪ್ಪಲಿ. ಒಂದೇ.

ಮಹಡಿಗೆ ಓಡಿದ. ಮಂಚದ ಕಾಲು ಮುರಿದಿತ್ತು. ಹಾಸಿಗೆ ನೆಲಕ್ಕೆ ಕುಸಿದಿತ್ತು. ಅದರ ಮೇಲೆ ಬಿದ್ದಿದ್ದ ಮರಿಯನ್ನಳ ಎದೆ ಏಳುತ್ತಿರಲಿಲ್ಲ. ತುಟಿ ಮಾತ್ರ ಅಲುಗಿತು. "ನೀನು ಸಾಯ್ತಿದ್ದೆ, ನೈಜೆಲ್."

ಅಗ್ಗಿಷ್ಟಿಕೆಯೊಳಗೆ ಕೈ ಹಾಕಿದ. ಕತ್ತಲು. ಮಸಿ ಸುರಿಯಿತು. ಚಪ್ಪಲಿ ಸಿಕ್ಕಿತು. ಎಳೆದ. ಮೇಲೆ ಇಟ್ಟಿಗೆ ನರಳಿತು. ಕೈ ಬಿಟ್ಟ. ಮುದುಕಿಯ ಮಾತು ನೆನಪಾಯಿತು. ಕಾಲಲ್ಲಿದ್ದ ಬೂಟೊಂದನ್ನು ಕಿತ್ತ. ಮೊದಲು ಅದನ್ನಿಟ್ಟ. ಆಮೇಲೆ ಅವಳದನ್ನು ತೆಗೆದ.

ಮರಿಯನ್ ಉಸಿರೆಳೆದಳು. ಅವನು ಭಾರಕ್ಕೆ ಕುಸಿದು ಮಂಡಿಯೂರಿದ.

ಮರುದಿನವೇ ತೊಲೆ ಕೂರಿಸಿದರು. ಎಷ್ಟು ಬಿಗಿದರೂ ತೊಲೆಗೂ ಇಟ್ಟಿಗೆಗೂ ನಡುವೆ ನಸ್ರೀನ್ ತೂರಿಸಿದ ಕಾಗದ ಸಲೀಸಾಗಿ ಆಚೆ ಬಂತು. ಉಕ್ಕಿನ ಮೇಲೆ ಭಾರವೇ ಬಿದ್ದಿರಲಿಲ್ಲ. ಬೂಟು ತೆಗೆಯೋಣವೆಂದರೆ ಅಲ್ಲಿ ಬೂಟಿರಲಿಲ್ಲ, ಬರೀ ಇಟ್ಟಿಗೆ. ಹೊಗೆಗೂಡನ್ನೇ ಕೆಡವೋಣವೆಂದು ಚಾವಣಿಯ ಮೇಲಿಂದ ಒಂದೇ ಒಂದು ಇಟ್ಟಿಗೆ ಕಿತ್ತರು. ಕೆಳಗೆ ನೈಜೆಲ್ ರಕ್ತ ಕಾರಿದ. ಆಮೇಲೆ ಯಾರೂ ಮುಟ್ಟಲಿಲ್ಲ.

ಮರಿಯನ್ನಳ ಚಪ್ಪಲಿ, ಬೂಟುಗಳೆಲ್ಲ ಈಗ ಎಡ್ನಾಳ ಮನೆಯಲ್ಲಿವೆ. ಒಂದನ್ನೂ ಮನೆಯೊಳಗೆ ತರುವುದಿಲ್ಲವೆಂದು ಮರಿಯನ್ನಳಿಂದ ಆಣೆ ಮಾಡಿಸಿಕೊಂಡಿದ್ದಾನೆ. ಬಾಗಿದ ನೈಜೆಲ್‌ಗೆ ಕಾಣುವುದು ನೆಲ, ಅದರ ಮೇಲೆ ಅವಳ ಪಾದ, ಅಷ್ಟೇ. ಪ್ರತಿ ಬೆಳಗ್ಗೆ ಎರಡೂ ಬರಿಗಾಲೇ ಎಂದು ನೋಡಿಕೊಂಡ ಮೇಲೆಯೇ ಅವನು ಟೀ ಕೇಳುತ್ತಾನೆ.